ಅಮ್ಮನ ಗಂಟಲೂ ಪ್ರಿನ್ಸಿಪಾಲರ ಹಕಾರವೂ

ಅಮ್ಮ ಹೇಗಿದ್ದಾಳೆ ಎಂದು ಕೇಳಿಕೊಂಡು ದಿನಕ್ಕೆ ಹತ್ತು ಫೋನ್ ಬರುತ್ತವೆ. ಅಮ್ಮ ಮಾತಾಡುವಂತಿಲ್ಲ. ಹಾಗಾಗಿ ಸಂಸಾರ, ಆರೋಗ್ಯ, ಕೆಲಸ ಮೂರರ ವರದಿಯನ್ನೂ ನಾನೇ ಒಪ್ಪಿಸುತ್ತೇನೆ. ಫೋನಿನಿಂದ ಫೋನಿಗೆ ನಾನು ಒಂದಿಷ್ಟು ಮಸಾಲೆ ಹೆಚ್ಚಿಸುತ್ತಾ ಹೋದದ್ದರಿಂದ, ಡಾಕ್ಟರು ಸಾಸಿವೆಕಾಳು ಎಂದಿದ್ದ ಗಂಟಲಿನ ಗಂಟು ಪಕ್ಕದೂರು ಉರಿಗಾಂ ದಾಟುವಾಗ ನಿಂಬೆಹಣ್ಣಾಗಿತ್ತು. ನೆಂಟರು ಬಸ್ಸು ಹತ್ತಿ ಬರುವ ಮೊದಲೇ ಸತ್ಯ ಬರೆದಿಡುವುದು ಒಳ್ಳೆಯದು.

ಅಮ್ಮ ಬಂಗಾರಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹದಿನಾರು ವರ್ಷದಿಂದ ಅತಿಥಿ. ನಮ್ಮ ಮನೆಯಲ್ಲಿ ಯಾರಾದರೂ ಅಷ್ಟು ಕಾಲ ಉಳಿದಿದ್ದರೆ ರೇಷನ್ ಕಾರ್ಡಿಗೇ ಸೇರಿಸಿಬಿಡುತ್ತಿದ್ದೆವು. ಕಾಲೇಜು ಮಾತ್ರ ಪ್ರತಿ ವರ್ಷ ಹೊಸದಾಗಿ ಕರೆಯುತ್ತದೆ. ಎಂಬತ್ತು ಜನರ ಕ್ಲಾಸು, ಕಿರುಗುಟ್ಟುವ ಫ್ಯಾನು, ಪಕ್ಕದಲ್ಲೇ ರೈಲು. ರೈಲು ಕೂಗಿದರೆ ಅಮ್ಮ ಅದಕ್ಕಿಂತ ಜೋರಾಗಿ ಕೂಗುತ್ತಿದ್ದಳು. ಹದಿನಾರು ವರ್ಷದ ಆ ಪಂದ್ಯದಲ್ಲಿ ಕೊನೆಗೆ ಗೆದ್ದದ್ದು ರೈಲು. ಒಂದು ಬೆಳಿಗ್ಗೆ ಅಮ್ಮ ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಮೂರು ವಾರ ಪೂರ್ತಿ ಮೌನ, ಪಿಸುಮಾತೂ ಕೂಡದು, ಇಲ್ಲವಾದರೆ ಆಪರೇಷನ್ ಎಂದರು ಕೋಲಾರದ ಡಾಕ್ಟರು.

ಇನ್ನು ಸಂಸಾರ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಅಪ್ಪ ಹುಬ್ಬಳ್ಳಿ ಕಡೆಯವನು. ಮದುವೆಯಾದಾಗಿನಿಂದ ಮಾತಿನ ಸರದಿಗೆ ಕಾಯುತ್ತಿದ್ದವನಿಗೆ ಈಗ ಇಡೀ ಮನೆಯೇ ಖಾಲಿ ವೇದಿಕೆ. ಮೊದಲ ದಿನ ಊಟಕ್ಕೆ ಕುಳಿತು ಗಂಟಲು ಸರಿಮಾಡಿಕೊಂಡ, ಸಾರಿಗೆ ಉಪ್ಪು ಕಡಿಮೆ ಎಂದ, ಅಷ್ಟೇ. ಹೇಳಲು ಅವನ ಬಳಿ ಇದ್ದದ್ದೇ ಅಷ್ಟು. ಬೂದಿಕೋಟೆಯಿಂದ ಬಂದ ಅಜ್ಜಿ, ಬಾಯಿ ಹೋದವಳಿಗೆ ಕಿವಿಯೂ ಹೋಗಿರುತ್ತದೆ ಎಂದು ತೀರ್ಮಾನಿಸಿ ಸ್ವಂತ ಮಗಳ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಊರ್ ಮಕ್ಳಿಗೆಲ್ಲ ಪಾಠ ಏಳಿ ಏಳಿ ಗಂಟ್ಲು ಆಳು ಮಾಡ್ಕೊಂಡ್ಯಲ್ಲಮ್ಮೀ. ಬುಟ್ಬುಡು ಆ ಕೆಲ್ಸ."

ಅಜ್ಜಿ ಅಂದದ್ದು 'ಹೇಳಿ ಹೇಳಿ ಹಾಳು'. ನಮ್ಮ ಕಡೆ ಹಕಾರ ಯಾರ ಬಾಯಲ್ಲೂ ಹುಟ್ಟುವುದಿಲ್ಲ. ಹಾಲು ಆಲಾಗುತ್ತದೆ, ಹೋಗುವುದು ಓಗುವುದಾಗುತ್ತದೆ. ಮನೆಯಲ್ಲಿ ಹೇಗಾದರೂ ಮಾತಾಡಿಕೊಳ್ಳಿ, ಪಾಠ ಓದುವಾಗ ಹಕಾರ ಇರಲಿ ಎನ್ನುವುದು ಅಮ್ಮನ ಹಟ.

ಕೆಲಸ ಬಿಡುವ ಮಾತನ್ನು ಪ್ರಿನ್ಸಿಪಾಲರೂ ಆಡಿದರು, ಕೊಂಚ ನಯವಾಗಿ. ಈ ಸೆಮಿಸ್ಟರ್ ವಿಶ್ರಾಂತಿ ತೆಗೆದುಕೊಳ್ಳಿ ಮೇಡಂ, ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದರಂತೆ. ಊಟದ ನಡುವೆ ಎದ್ದ ಅತಿಥಿಗೆ ಮತ್ತೆ ಎಲೆ ಹಾಕುವುದಿಲ್ಲ ಎಂಬುದು ಅಮ್ಮನಿಗೆ ಗೊತ್ತು. ಅಲ್ಲೇ ಒಂದು ಚೀಟಿ ಬರೆದು ಅವರ ಕೈಗಿಟ್ಟಳು: 'ಹೋಗಿರುವುದು ಗಂಟಲು. ಪಾಠವಲ್ಲ.' ಸರಿ, ಎರಡು ವಾರ ನೋಡೋಣ, ಆಮೇಲೆ ನಾನೇ ಕ್ಲಾಸಿಗೆ ಬಂದು ತೀರ್ಮಾನ ಮಾಡುತ್ತೇನೆ ಎಂದು ಅವರು ಚೀಟಿಯನ್ನು ಡ್ರಾಯರಿಗೆ ಹಾಕಿದರು.

ನಾನೂ ಅದೇ ಕ್ಲಾಸಿನ ವಿದ್ಯಾರ್ಥಿನಿ, ಮೂರನೇ ಬೆಂಚು. ಮರುದಿನ ಅಮ್ಮ ನೋಟ್‌ಬುಕ್ಕಿನ ಹಾಳೆಗಳನ್ನು ಬೆರಳಗಲಕ್ಕೆ ಕತ್ತರಿಸಿ ಎಲ್ಲರಿಗೂ ಹಂಚಿದಳು. ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟುಕೊಂಡು ಪಾಠವನ್ನು ನಾವೇ ಓದಬೇಕು, ಅರ್ಥವನ್ನೂ ನಾವೇ ಹೇಳಬೇಕು ಎಂದು ಬೋರ್ಡಿನ ಮೇಲೆ ಬರೆದಳು. 'ಹಾಲು' ಎಂದರೆ ಉಸಿರು ತಾಗಿ ಪಟ್ಟಿ ಹಾರುತ್ತಿತ್ತು. 'ಆಲು' ಎಂದರೆ ಒಣಹಾಕಿದ ಟವೆಲಿನ ಹಾಗೆ ಸುಮ್ಮನೆ ನೇತಾಡುತ್ತಿತ್ತು. ಪಟ್ಟಿ ಅಲುಗದಿದ್ದರೆ ಅಮ್ಮ ಮೇಜು ಕುಟ್ಟುತ್ತಿದ್ದಳು. ಎರಡು ವಾರದಲ್ಲಿ ಎಂಬತ್ತು ಪಟ್ಟಿಗಳು ಒಟ್ಟಿಗೆ ಹಾರತೊಡಗಿದ ಮೇಲೆ ನಮಗೆ ಫ್ಯಾನಿನ ಅಗತ್ಯವೇ ಬೀಳಲಿಲ್ಲ.

ಆ ಶನಿವಾರ ಪ್ರಿನ್ಸಿಪಾಲರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಇದೇ ಮಣ್ಣಿನವರು. ಅಮ್ಮನನ್ನು ಪಕ್ಕಕ್ಕೆ ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಮೇಡಂ ಇರ್ಬೇಕಾ, ಬ್ಯಾಡ್ವಾ? ಭಯ ಬ್ಯಾಡ. ಎಲ್ರೂ ಏಳಿ."

ನಾನು ಎದ್ದೆ. ಅವರು ಹೇಳಬಯಸಿದ್ದೇನು ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಹಕಾರವಿಲ್ಲದ 'ಏಳಿ'ಗೆ ಎದ್ದು ನಿಲ್ಲುವುದಲ್ಲದೆ ಬೇರೆ ಅರ್ಥವಿದೆಯೇ? ನನ್ನ ಹಿಂದೆ ಬೆಂಚುಗಳು ದಡಬಡ ಸದ್ದು ಮಾಡಿದವು, ಎಂಬತ್ತು ಜನವೂ ಎದ್ದರು. ಪ್ರಿನ್ಸಿಪಾಲರು ಬಾಗಿಲಿನವರೆಗೆ ಹಿಂದೆ ಸರಿದು, ಇದೇನು ಸ್ಟ್ರೈಕಾ ಎಂದು ಕೇಳಿದರು.

ಅಮ್ಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಗೆದ್ದಂತೆಯೇ. ಅವಳು ನನ್ನನ್ನು ಒಮ್ಮೆ ನೋಡಿದಳು. ಆ ನೋಟವನ್ನು ಇಲ್ಲಿ ವಿವರಿಸುವುದಿಲ್ಲ, ನನಗೂ ಮರ್ಯಾದೆ ಇದೆ. ಕೈಸನ್ನೆ ಮಾಡಿ ಎಲ್ಲರನ್ನೂ ಕೂರಿಸಿ, ಮೇಜಿನಿಂದ ಒಂದು ಪಟ್ಟಿ ತೆಗೆದು ಪ್ರಿನ್ಸಿಪಾಲರ ಮುಂದೆ ಹಿಡಿದಳು.

ಅತಿಥಿ ಮನೆಯೊಡೆಯನಿಗೇ ಪಾಠ ಮಾಡುತ್ತಿದ್ದಾಳೆ. ಅವರು ಅಮ್ಮನ ಮುಖ ನೋಡಿದರು, ಪಟ್ಟಿ ನೋಡಿದರು, ಕೊನೆಗೆ ತೆಗೆದುಕೊಂಡರು. ಮೊದಲ ಸಲ ಪಟ್ಟಿ ಅಲುಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಹೊಟ್ಟೆಯಿಂದ ಉಸಿರೆಳೆದು "ಹ್ಹೇಳಿ" ಎಂದಾಗ ಪಟ್ಟಿ ಕೈಜಾರಿ ಮೊದಲ ಬೆಂಚಿನವರ ಮೇಲೆ ಹೋಗಿ ಬಿತ್ತು. ನಾನು ಪೆನ್ನು ಹುಡುಕುವ ನೆಪದಲ್ಲಿ ಡೆಸ್ಕಿನ ಕೆಳಗೆ ಬಹಳ ಹೊತ್ತು ಇದ್ದೆ.

ಉತ್ತರ ಹೇಳಿದ್ದು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಹುಡುಗಿ. ಮನೆಯಲ್ಲಿ ತಮಿಳು, ಕ್ಲಾಸಿನಲ್ಲಿ ಪಟ್ಟಿ ಬರುವವರೆಗೂ ಮೌನ.

"ಸಾರ್, ಮೊದ್ಲು ಮೇಡಂ ಮಾತಾಡೋರು, ನಾವ್ ನಿದ್ದೆ ಮಾಡ್ತಿದ್ವಿ. ಈಗ ನಾವೇ ಮಾತಾಡ್ಬೇಕು. ಕಷ್ಟ ನಮ್ಗೆ ಸಾರ್, ಅವ್ರಿಗಲ್ಲ. ಬೇರೆಯೋರು ಬಂದ್ರೆ ಮತ್ತೆ ನಿದ್ದೆ ಮಾಡ್ತೀವಿ."

ಪ್ರಿನ್ಸಿಪಾಲರು ನಕ್ಕುಬಿಟ್ಟರು. ಮೇಡಂ ಇರಲಿ, ಟೈಮ್‌ಟೇಬಲ್ ಬದಲಾಗುವುದಿಲ್ಲ ಎಂದರು. ಅಷ್ಟಕ್ಕೇ ಹೊರಡಬಹುದಿತ್ತು. ಬಾಗಿಲಲ್ಲಿ ತಿರುಗಿ, ಹೇಗೂ ಮಾತಾಡಿ ದಣಿಯುವುದಿಲ್ಲವಲ್ಲ, ಸೋಮವಾರದಿಂದ ಇನ್ನೊಂದು ಸೆಕ್ಷನ್ ಕೂಡ ನೋಡಿಕೊಳ್ಳಿ ಎಂದುಬಿಟ್ಟರು.

ಮೌನ ಮುಗಿಯಲು ಇನ್ನೂ ಐದು ದಿನ ಇತ್ತು.

"ಆಗಲ್ಲ," ಎಂದಳು ಅಮ್ಮ.

ಬಹಳ ದಿನ ನಿಂತಿದ್ದ ಬೋರ್‌ವೆಲ್ಲಿನ ಮೊದಲ ನೀರಿನ ಹಾಗೆ ಮಣ್ಣುಮಣ್ಣಾದ ದನಿ. ಆದರೂ ಕೊನೆಯ ಬೆಂಚಿನವರೆಗೂ ಕೇಳಿಸಿತು. ಪ್ರಿನ್ಸಿಪಾಲರು ತಲೆಯಾಡಿಸಿ ಹೊರಟುಹೋದರು.

ಆ ಒಂದು ಪದಕ್ಕೆ ಡಾಕ್ಟರು ಇನ್ನೊಂದು ವಾರದ ಮೌನ ಸೇರಿಸಿದ್ದಾರೆ. ಅದನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಅವತ್ತು ಕಾಲೇಜಿನಿಂದ ಮನೆಗೆ ಬರುವಾಗ ರೈಲಿನಲ್ಲಿ ಕೇಳಿದೆ. ಅಮ್ಮ ಪೆನ್ನು ತೆಗೆದು ನನ್ನ ಅಂಗೈ ಮೇಲೇ ಬರೆದಳು: 'ಚೀಟಿ ಡ್ರಾಯರಿಗೆ ಹೋಗುತ್ತೆ.'