ಅರ್ಧ ಕಾಲುಚೀಲದ ಗಾಳಿ

ಲಾನ್ಸೆಸ್ಟನ್ ನಗರದಲ್ಲಿ ಕ್ಲೆಮ್ ಹಾರ್ವುಡ್‌ನ ಕಿಟಕಿಗೆ ಕಾಣುವುದು ಪಕ್ಕದ ಕಟ್ಟಡದ ಇಟ್ಟಿಗೆ ಗೋಡೆ ಮಾತ್ರ. ಹಾಗಾಗಿ ಬೆಳಿಗ್ಗೆ ಟೀ ಮಾಡಿಕೊಂಡು ಅವನು ಟ್ಯಾಬ್ಲೆಟ್ ತೆರೆಯುತ್ತಾನೆ. ಅದರಲ್ಲಿ ದ್ವೀಪದ ಕ್ಯಾಮೆರಾ ಕಳಿಸುವ ನೇರ ಚಿತ್ರ: ಗ್ಯಾನೆಟ್ ದ್ವೀಪದ ವಿಮಾನಪಟ್ಟಿ, ಬೇಲಿ, ಓಲಾಡುವ ಹುಲ್ಲು, ಕಂಬದ ತುದಿಯಲ್ಲಿ ಗಾಳಿ ತುಂಬಿಕೊಳ್ಳುವ ಕೆಂಪು-ಬಿಳಿ ಪಟ್ಟೆಯ ಬಟ್ಟೆಚೀಲ. ದ್ವೀಪದವರು ಅದನ್ನು ಕಾಲುಚೀಲ ಎನ್ನುತ್ತಾರೆ. ಗಾಳಿಯನ್ನು ಅಳೆಯುವುದೂ ಅದು ಎಷ್ಟು ಉಬ್ಬಿದೆ ಎಂಬುದರಲ್ಲೇ: ಕಾಲು, ಅರ್ಧ, ಮುಕ್ಕಾಲು.

ಮೂವತ್ತೊಂದು ವರ್ಷ ಆ ಪಟ್ಟಿಯ ಹುಲ್ಲು ಕತ್ತರಿಸಿದವನು, ವಿಮಾನ ಬರುವ ಮೊದಲು ಪುಟ್ಟ ಕಾಂಗರೂಗಳಂಥ ವಾಲಬಿಗಳನ್ನು ಓಡಿಸಿದವನು ಕ್ಲೆಮ್. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ದ್ವೀಪದಲ್ಲಿ ಅದಿಲ್ಲ. ಇಲ್ಲಿಗೆ ಬಂದು ಎರಡು ಚಳಿಗಾಲ ಕಳೆದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಆಸ್ಪತ್ರೆಯದಲ್ಲದ ಫೋನು ಅವನಿಗೆ ಬರುತ್ತಿದ್ದುದು ವಾರಕ್ಕೊಂದೇ. ಶುಕ್ರವಾರ ಎಂಟಕ್ಕೆ, ದ್ವೀಪಕ್ಕೆ ಟಪಾಲು, ಬ್ರೆಡ್ಡು ಒಯ್ಯುವ ಪುಟ್ಟ ವಿಮಾನದ ಪೈಲಟ್ ನೆಟ್ಟಾ ಕ್ವಿಲ್ ಹೊರಡುವ ಮುಂಚೆ ಅವನನ್ನು ಕೇಳುತ್ತಿದ್ದಳು.

"ಏನ್ ಯಜಮಾನ್ರೇ, ಇವತ್ತು ನಿಮ್ಮ ಕಾಲುಚೀಲ ಏನನ್ನುತ್ತೆ?"

ಆ ಶುಕ್ರವಾರ ಅವನು ಅರ್ಧ ಎಂದ. ಪಡುವಣ ಗಾಳಿ, ಒಂದೇ ಸಮ. ಬೇಲಿಯ ಹತ್ತಿರ ಒಂದು ಬೂದು ಹೆಬ್ಬಾತು ಪಡುವಣಕ್ಕೆ ಮುಖ ಮಾಡಿ ಅಲುಗದೆ ನಿಂತಿತ್ತು. ಗಾಳಿ ಬೀಸಿದಾಗ ಹೆಬ್ಬಾತು ಹಾಗೇ ಕಾಲೂರಿ ನಿಲ್ಲುವುದು ಅವನು ಸಾವಿರ ಸಲ ಕಂಡದ್ದು. ನಿಜಕ್ಕೂ ನಿಂತಿದ್ದು ಚಿತ್ರ. ಪರದೆಯ ಮೂಲೆಯ ಗಡಿಯಾರ ಆರು ಹತ್ತರಲ್ಲೇ ಕಚ್ಚಿಕೊಂಡಿತ್ತು; ಕಾಲುಚೀಲ ನೋಡುವವನು ಗಡಿಯಾರ ನೋಡುತ್ತಾನೆಯೇ?

ದ್ವೀಪದ ಮೇಲೆ ಅವಳಿಗೆ ಬಿರುಗಾಳಿ ಎದುರಾಯಿತು. ಎರಡು ಸಲ ಇಳಿಯಲು ನೋಡಿ ವಾಪಸು ಬಂದಳು. ಸಂಜೆ ಅವಳೇ ಫೋನು ಮಾಡಿದಳು. ಚಿತ್ರ ಆರು ಹತ್ತಕ್ಕೇ ನಿಂತಿದ್ದನ್ನೂ ಹೆಬ್ಬಾತನ್ನು ನಂಬಿ ಕೆಟ್ಟಿದ್ದನ್ನೂ ಅವನು ಒಪ್ಪಿಕೊಂಡ; ಅವಳು ಬೈಯಲಿಲ್ಲ.

"ಎರಡು ಗಂಟೆ ಕಾಲು ಕದಲಿಸದ ಹೆಬ್ಬಾತಾ? ಅದನ್ನ ಮ್ಯೂಸಿಯಮ್ಮಿಗೆ ಕೊಡಿ ಅತ್ಲಾಗೆ," ಎಂದು ನಕ್ಕಳು.

ಕ್ಲೆಮ್‌ಗೆ ನಗು ಬರಲಿಲ್ಲ. "ನಿನ್ನನ್ನ ನನ್ನ ಕೈಯಾರೆ ಸಾಯಿಸ್ತಿದ್ದೆನಲ್ಲೇ ನೆಟ್ಟಾ."

ಅವಳು ಹೇಳಿದಳು: ಪಟ್ಟಿಯಲ್ಲಿ ಗಾಳಿ ಅಳೆಯುವ ಯಂತ್ರ ಕೂರಿಸುತ್ತಿದ್ದಾರೆ, ಇನ್ನು ಅದರ ಲೆಕ್ಕ ನೋಡಿಯೇ ಹೊರಡಬೇಕಂತೆ, ಮೇಲಿನವರ ಆಜ್ಞೆ. ಒಳ್ಳೆಯದೇ ಆಯಿತು ಎಂದ ಕ್ಲೆಮ್. ಮನಸಾರೆಯೇ ಎಂದ.

ಯಂತ್ರ ಬಂದ ಮೇಲಿನ ಮೊದಲ ಶುಕ್ರವಾರ ಎಂಟು ಹೊಡೆಯಿತು, ಫೋನು ಸುಮ್ಮನಿತ್ತು. ಪರದೆಯ ಗಡಿಯಾರ ಓಡುತ್ತಿದೆಯೇ ಎಂದು ಅವನು ಮೊದಲು ನೋಡಿಕೊಂಡ. ಮುಕ್ಕಾಲು ಕಾಲುಚೀಲ, ಗುಡ್ಡದ ಕಡೆಯ ಹುಲ್ಲು ಸುಳಿಸುಳಿಯಾಗಿ ಮಲಗುತ್ತಿತ್ತು. ಗುಡ್ಡದ ಕಡೆಯಿಂದ ಬೇಡ, ಕಡಲ ಕಡೆಯಿಂದ ಇಳಿ ಎಂದು ಹೇಳಬೇಕಿತ್ತು. ಹೇಳಲು ಯಾರೂ ಕೇಳಿರಲಿಲ್ಲ.

ಒಂಬತ್ತೂವರೆಗೆ ವಿಮಾನ ಕಾಣಿಸಿತು. ಕಡಲ ಕಡೆಯಿಂದಲೇ ಬಂತು. ಒಮ್ಮೆ ಓಲಾಡಿ, ಮೆತ್ತಗೆ ಇಳಿಯಿತು. ನೆಟ್ಟಾ ಬ್ರೆಡ್ಡಿನ ಪೆಟ್ಟಿಗೆಗಳನ್ನು ಇಳಿಸಿ, ಟೋಪಿ ಹಿಡಿದುಕೊಂಡು ಚಿತ್ರದಿಂದ ಆಚೆ ನಡೆದಳು.

ಕ್ಲೆಮ್ ಆರಿದ ಟೀಯನ್ನು ಸಿಂಕಿಗೆ ಸುರಿದು, ಆಸ್ಪತ್ರೆಗೆ ಹೊರಡಲು ಕೋಟು ಹಾಕಿಕೊಂಡ.