ಮುನಿಯಮ್ಮಕ್ಕನ ಹೊಲದ ಕಾಲುದಾರಿ

ಸೊಟ್ಟ ಗೆರೆ ಕಂಡರೆ ನನಗೆ ಕೈ ತುರಿಸುತ್ತದೆ. ಏನು ಮಾಡಲಿ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಬಿಡಿಸುತ್ತಲೇ ತಲೆ ನರೆಸಿಕೊಂಡವನು. ನಿವೃತ್ತನಾಗಿ ಬಾಗಲೂರಿನ ಕಡೆ ಮನೆ ಕಟ್ಟಿಕೊಂಡ ಮೇಲೆ, ಎಳೆಯಲು ಒಂದು ಗೆರೆಯೂ ಇಲ್ಲದೆ ಚಡಪಡಿಸುತ್ತಿದ್ದೆ. ಆಗ ಸಿಕ್ಕಿದ್ದು ಭೂಪಟ ಮಾಡುವ ಮುಕ್ತ ತಂತ್ರಾಂಶ.

ಅದರ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಬಿಟ್ಟಿಯಾಗಿ ಸಿಗುತ್ತದೆ; ಒಳಗೆ ಏನೇನು ಬರೆದಿದೆ ಎಂಬುದನ್ನೂ ಬಿಚ್ಚಿ ತೋರಿಸುತ್ತದೆ. ಎಲ್ಲೆಲ್ಲಿಯೋ ಇರುವ ಪುಣ್ಯಾತ್ಮರು ಕೂಡಿ ಮಾಡಿದ್ದನ್ನು ನಾನು ಲುಂಗಿ ಉಟ್ಟು ವರಾಂಡದಲ್ಲಿ ಕೂತು ಬಳಸಬಹುದು. ಕೆರೆಯದೊಂದು ಪದರ, ಮಣ್ಣಿನದೊಂದು ಪದರ, ರಸ್ತೆಯದೊಂದು ಪದರ, ಒಂದರ ಮೇಲೊಂದು ಹಾಸುತ್ತ ಹೋಗಬಹುದು. ಒಂದು ವಾರ ಕೂತು ನಮ್ಮ ಬೀದಿಯ ಇಳಿಜಾರು ಲೆಕ್ಕ ಹಾಕಿ, ಮಳೆನೀರು ನಮ್ಮ ಗೇಟಿನ ಕಡೆಗೇ ಹರಿಯುತ್ತದೆ ಎಂದು ಹೆಂಡತಿ ಸರೋಜಳಿಗೆ ಘೋಷಿಸಿದೆ. ಮೂರು ಮಳೆಗಾಲದಿಂದ ಅಲ್ಲಿನ ಕೆಸರು ಗುಡಿಸುತ್ತಿದ್ದವಳು ಪೊರಕೆಯನ್ನು ನನ್ನ ಕೈಗಿತ್ತಳು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಇದರ ಜೊತೆಗೇ ಎಲ್ಲರೂ ಕೂಡಿ ಬರೆಯುವ ಭೂಪಟವೊಂದು ಇದೆ, ಅದಕ್ಕೆ ಯಾರು ಬೇಕಾದರೂ ದಾರಿ ಸೇರಿಸಬಹುದು, ಸೇರಿಸಿದ್ದು ಊರವರ ಫೋನಿಗೆಲ್ಲ ತಲುಪಬಹುದು ಎಂದು ತಿಳಿದ ಮೇಲೂ ಸುಮ್ಮನಿರಲು ನಾನೇನು ಸನ್ಯಾಸಿಯೇ? ನಮ್ಮ ಬಡಾವಣೆಯಿಂದ ಹಾಲಿನ ಡೈರಿಗೆ ಮುನಿಯಮ್ಮಕ್ಕನ ಹೊಲದಲ್ಲಿ ಒಂದು ಕಾಲುದಾರಿ. ರಾಗಿ ಕುಯ್ದಾದ ಮೇಲೆ ಒಂದು ಬೆಳಿಗ್ಗೆ ಫೋನ್ ಹಿಡಿದು ಅದರುದ್ದಕ್ಕೂ ನಡೆದೆ. ಹೊಲದ ನಟ್ಟನಡುವೆ ಎಂಥ ನೇರವಾದ ಗೆರೆ ಮೂಡಿತು ಅಂತೀರಿ! ಸೇರಿಸಿಯೇಬಿಟ್ಟೆ.

ಮುಂದಿನ ಮಳೆಗೆ ರಾಗಿ ಗೇಣುದ್ದ ಬಂದಾಗ, ಪಾರ್ಸಲ್ ತರುವವನೊಬ್ಬ ಫೋನ್ ಹೇಳಿದಂತೆ ಪೈರಿನ ನಡುವೆ ನನ್ನ ಗೆರೆಯ ಮೇಲೆಯೇ ಬೈಕ್ ಓಡಿಸಿದ. ಪಾರ್ಸಲ್ ನನ್ನದೇ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಮುನಿಯಮ್ಮಕ್ಕ ಮುಳ್ಳುಕಂಟಿ ತಂದು ಹೊಲದ ಬದುವನ್ನೂ ಸೇರಿಸಿ ದಾರಿ ಮುಚ್ಚಿದರು. ಡೈರಿಗೆ ಹೋಗುವವರೆಲ್ಲ ಲಾರಿಗಳು ನುಗ್ಗುವ ರಸ್ತೆಯಲ್ಲಿ ಸುತ್ತಿ ಹೋಗಬೇಕಾಯಿತು, ಮಂಡಿ ನೋವಿನ ಸರೋಜಳೂ. ಅವಳು ಕುಂಟುತ್ತ ಬರುವುದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು.

ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಕ್ಷಮೆ ಕೇಳಲು ಹೋದೆ. ತೆರೆದು ತೋರಿಸಿದಾಗ ಮುನಿಯಮ್ಮಕ್ಕ ಬಗ್ಗಿ ನನ್ನ ಗೆರೆಯನ್ನು ನೋಡಿದರು.

"ರಾಗಿ ಇದ್ರೆ ಬದುವಿನ ಮ್ಯಾಲೆ, ಕುಯ್ದ್ ಮ್ಯಾಲೆ ನೆಟ್ಟಗೆ. ನಮ್ಮಜ್ಜಿ ಕಾಲದಿಂದ ಇಂಗೇ ಓಡಾಡ್ತಾವ್ರೆ. ಇದನ್ನ ಯಾರು ಬರ್ದಿದ್ದು ಸಾರ್?"

ನಾನೇ ಎಂದೆ. ಇದು ಎಲ್ಲರ ಸೊತ್ತು, ಯಾರು ಬೇಕಾದರೂ ಬರೆಯಬಹುದು ಎಂದು ಮುಕ್ತ ತಂತ್ರಾಂಶದ ತತ್ತ್ವವನ್ನು ವಿವರಿಸತೊಡಗಿದೆ.

"ಅಂಗಾದ್ರೆ ನಾನೂ ಅಳಿಸ್ಬೋದಲ್ಲ. ಎಲ್ಲಿ ಒತ್ಬೇಕು ತೋರ್ಸಿ."

ಅದೂ ತತ್ತ್ವವೇ. ತೋರಿಸಿದೆ. ಮಣ್ಣಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಮರುದಿನ ಬದುವಿನ ಮೇಲೆ ಮುಳ್ಳು ಇರಲಿಲ್ಲ.

ಆಮೇಲೆ ನಾನು ಬದು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವನಲ್ಲ. ರಾಗಿ ಕುಯ್ದು ಹೊಲ ಬಯಲಾದರೂ ಹಾಲಿನ ಕ್ಯಾನ್ ಹಿಡಿದು ಬದುವಿನ ಸೊಟ್ಟ ತಿರುವುಗಳನ್ನೆಲ್ಲ ಸುತ್ತುತ್ತಲೇ ಇದ್ದೆ. ಮೊನ್ನೆ ಮುನಿಯಮ್ಮಕ್ಕ ಹುಲ್ಲಿನ ಮೆದೆಯ ಹತ್ತಿರದಿಂದ ಕೂಗಿ ಹೇಳಿದರು:

"ಕುಯ್ದಾಯ್ತಲ್ಲ ಸಾರ್, ನೆಟ್ಟಗೆ ಬನ್ನಿ."

ಭೂಪಟದಲ್ಲಿ ಆ ಜಾಗ ಈಗಲೂ ಖಾಲಿ. ನಾನು ನೆಟ್ಟಗೆ ಹೋದೆ.