ಉರುಳಿಟ್ಟವನಿಗೆ ದಾರಿ ತೋರಿಸಿದ್ದು

ನನ್ನ ಅಪ್ಪಯ್ಯ ಬೇಟೆ ಬಿಟ್ಟದ್ದು ಕಾನೂನಿಗೆ ಹೆದರಿ ಅಲ್ಲ. ಕಾನೂನು ಅದಕ್ಕೂ ಎಷ್ಟೋ ವರ್ಷ ಮೊದಲೇ ಬಂದಿತ್ತು. ಬೈಂದೂರಿನ ಒಳನಾಡಿನ ನಮ್ಮ ಬೈಲಿನ ಊರವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೊಯ್ಲು ಮುಗಿದ ಮೇಲೆ, ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಗಳನ್ನು ಹೆಗಲಿಗೇರಿಸಿ ಹತ್ತು ಹನ್ನೆರಡು ಮಂದಿ ಮನೆ ಹಿಂದಿನ ಸರ್ಕಾರಿ ಹಾಡಿಗೆ, ಅಂದರೆ ಊರಂಚಿನ ಕಾಡಿಗೆ, ನುಗ್ಗುತ್ತಿದ್ದರು. ಹಂದಿ ಬಿದ್ದರೆ ಬೇಟೆಗೆ ಬಾರದ ಮನೆಗಳಿಗೂ ಪಾಲು ಹೋಗುತ್ತಿತ್ತು. ಅದನ್ನೇ ದೊಡ್ಡ ಧರ್ಮವೆಂಬಂತೆ ಈಗ ಹೇಳಿಕೊಳ್ಳುವವರಿದ್ದಾರೆ. ಆ ಹಾಡಿಯಲ್ಲಿ ಮೊಲ, ಕಾಡುಕುರಿ ಕಾಣದಂತಾದದ್ದೂ ಅದೇ ಕಾಲದಲ್ಲಿ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪಯ್ಯ ಹೊಡೆದ ಹಂದಿಯೊಂದರ ಹೊಟ್ಟೆ ಸೀಳಿದರೆ ಒಳಗೆ ಮರಿಗಳು. ಯಾರೋ ನಕ್ಕರು. ಅಪ್ಪಯ್ಯ ಕತ್ತಿ ಕೆಳಗಿಟ್ಟು ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ಕೈ ತೊಳೆದರು. ಮುಂದಿನ ವಾರ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು.

ಈಗ ಗದ್ದೆ ನನ್ನ ಕೈಯಲ್ಲಿದೆ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬಂದು ಹೊರಳಾಡಿ ಹೋಗುತ್ತವೆ. ಬೆಳೆ ಪರಿಹಾರಕ್ಕೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ಆ ಸಿಟ್ಟಿನಲ್ಲಿದ್ದಾಗಲೇ ಒಂದು ಮಧ್ಯಾಹ್ನ, ಹೆದ್ದಾರಿ ಬದಿಯ ಊಟದ ಮನೆಗಳಿಗೆ ಕದ್ದು ಹಂದಿ ಮಾಂಸ ಕೊಡುವವನೊಬ್ಬ ಗದ್ದೆ ಬದಿಯಲ್ಲಿ ಬೈಕ್ ನಿಲ್ಲಿಸಿದ.

“ಹ್ವಾಯ್, ಹಂದಿ ಯಾವ ಬದಿಂದ ಬತ್ತ್?”

ನಾನೇ ಕರೆದುಕೊಂಡು ಹೋಗಿ ಹಾಡಿಯೊಳಗಿನ ಜಾಡು ತೋರಿಸಿದೆ. ಅವನ ಚೀಲದಲ್ಲಿ ಕ್ಲಚ್ ಕೇಬಲಿನ ಸುರುಳಿಯಿತ್ತು. ಯಾಕೆಂದು ಕೇಳಲಿಲ್ಲ, ಉರುಳಿಗೆಂದು ಗೊತ್ತಿತ್ತು.

ವಾರದ ನಂತರ, ದನದ ಹಟ್ಟಿಗೆ ಹಾಸಲು ತರಗೆಲೆ ತರಲೆಂದು ಬೆಳಿಗ್ಗೆ ಹೋದ ಅಪ್ಪಯ್ಯ ಏದುಸಿರು ಬಿಡುತ್ತಾ ವಾಪಸು ಬಂದರು.

“ಮಗಾ, ಉರ್ಳಿಗೆ ಚಿರ್ತೆ ಬಿದ್ದಿತ್. ಜೀವ ಇತ್ತ್. ಬೇಗ ಫಾರೆಸ್ಟಿನವ್ರಿಗೆ ಫೋನ್ ಮಾಡ್!”

ಫೋನ್ ಮಾಡಿದೆ. ಸಿಬ್ಬಂದಿ ಬಂದರು, ಆದರೆ ಅರಿವಳಿಕೆ ಕೊಡುವ ಡಾಕ್ಟರು ದೂರದಿಂದ ಬರಬೇಕಿತ್ತು. ಅಷ್ಟರಲ್ಲಿ ಊರಿಗೆ ಊರೇ ಮೊಬೈಲ್ ಹಿಡಿದು ನೆರೆಯಿತು. ಗದ್ದಲಕ್ಕೆ ಬೆದರಿ ಚಿರತೆ ಎಳೆದಾಡಿದಷ್ಟೂ ಕೇಬಲ್ ಅದರ ಸೊಂಟದೊಳಗೆ ಇಳಿಯಿತು. “ದೂರ ನಿಲ್ಲಿ ಮಾರಾಯ್ರೆ, ಅದ್ಕೆ ಉಸ್ರಾಡುಕೆ ಬಿಡಿ” ಎಂದು ಅಪ್ಪಯ್ಯ ಬೇಡಿಕೊಳ್ಳುತ್ತಿದ್ದರು. ಡಾಕ್ಟರು ತಲುಪುವಾಗ ಅದು ಸತ್ತಿತ್ತು. ಉರುಳಿಟ್ಟವನೂ ಗುಂಪಿನಲ್ಲಿ ನಿಂತು ವಿಡಿಯೊ ಮಾಡುತ್ತಿದ್ದ.

ಮಹಜರು ಬರೆಯುತ್ತಿದ್ದ ಅಧಿಕಾರಿ ಅಪ್ಪಯ್ಯನತ್ತ ತಿರುಗಿದರು. “ನೀವು ಹಿಂದೆ ಬೇಟೆ ಆಡ್ತಿದ್ರಂತೆ?”

“ಹೌದ್. ಬಿಟ್ಟ್ ಮೂವತ್ತ್ ವರ್ಷ ಆಯ್ತ್.”

“ಉರುಳು ಇದ್ದ ಜಾಗ ನಿಮಗೇ ಹೇಗೆ ಸಿಕ್ತು?”

ಅಪ್ಪಯ್ಯ ತರಗೆಲೆಯ ಬುಟ್ಟಿಯತ್ತ ಕೈ ತೋರಿಸಿದರು. ಅಧಿಕಾರಿ ಅತ್ತ ನೋಡಲಿಲ್ಲ. ಅಪ್ಪಯ್ಯನ ಬೇಟೆಯ ಪಾಲು ಉಂಡ ಮನೆಗಳವರು ಅಲ್ಲೇ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಉರುಳಿಟ್ಟವನ ಹೆಸರು ಹೇಳಿದರೆ ನನ್ನ ಹೆಸರೂ ಹೊರಬೀಳುತ್ತಿತ್ತು.

ಅಪ್ಪಯ್ಯನನ್ನು ಮತ್ತೆ ಮತ್ತೆ ಕಚೇರಿಗೆ ಕರೆಸಿದರು. ಪ್ರತಿ ಸಲವೂ ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋದೆ, ಹೊರಗಿನ ಬೆಂಚಿನಲ್ಲಿ ಕಾದೆ. ಸಾಕ್ಷಿ ಸಿಗದೆ ಕೊನೆಗೊಮ್ಮೆ ಬಿಟ್ಟರು. ಆ ದಿನ ಬರುವಾಗ ಹಿಂದಿನಿಂದ ಅವರ ಮಾತು ಕೇಳಿಸಿತು.

“ಕೋವಿ ಇದ್ದಾಗ ಯಾರೂ ಕಳ್ಳ ಅನ್ಲಿಲ್ಲೆ ಮಗಾ. ಫೋನ್ ಮಾಡ್ಸಿ ಕಳ್ಳ ಆದೆ.”

ನಾನು ಬೈಕ್ ಓಡಿಸುತ್ತಲೇ ಇದ್ದೆ. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಅಷ್ಟೇ ಸಮಾಧಾನ.

ಅಂದಿನಿಂದ ಅಪ್ಪಯ್ಯ ಹಾಡಿಯ ಕಡೆ ಹೋಗಿಲ್ಲ. ಹಂದಿಗಳು ಈ ವರ್ಷವೂ ಬಂದವು. ನಡೆದದ್ದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಎದುರು ಹೋಗಿ ನಿಂತಿದ್ದೇನೆ. ಅವರು ತಲೆಯೆತ್ತಿ, “ಎಂತ ಮಗಾ?” ಎನ್ನುತ್ತಾರೆ.

“ಎಂತ ಇಲ್ಲೆ ಅಪ್ಪಯ್ಯ, ಉಂಬುಕೆ ಬನ್ನಿ” ಎನ್ನುತ್ತೇನೆ.